ಮುದ್ದುರಂಗಪ್ಪನ ಲಾರಿಯೂ ನಮ್ಮ ಒರಳೂ

ನಮ್ಮೂರಲ್ಲಿ ಸಾಮಾನು ಸಾಗಿಸುವ ಕಂಪನಿ ಒಳ್ಳೆಯದೋ ಕೆಟ್ಟದ್ದೋ ತಿಳಿಯಬೇಕಾದರೆ ಅವರು ಖಾಲಿ ಮಾಡಿಸಿದ ಮನೆಗಳ ಜಗುಲಿ ನೋಡಿಕೊಂಡು ಬರಬೇಕು. ಜಗುಲಿಯ ಮೇಲೆ ಹಳೇ ಮಂಚವೋ ಬೀರುವೋ ಬಟ್ಟೆ ಹೊದ್ದು ಕೂತಿದ್ದರೆ ಆ ಕಂಪನಿಗೆ ದೊಡ್ಡ ನಮಸ್ಕಾರ ಹಾಕಿ ಮುಂದಕ್ಕೆ ಹೋಗುವುದು. ಯಾಕೆಂದರೆ ನಮ್ಮೂರಿನ ಸಾಮಾನುಗಳಿಗೆ ವಾಪಸ್ಸು ಬರುವ ಚಟ. ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ ಊರಾಚೆ ಬಿಟ್ಟು ಬಂದರೆ ನಾವು ಮನೆ ಸೇರುವಷ್ಟರಲ್ಲಿ ಅದು ಒಲೆ ಪಕ್ಕ ಮಲಗಿರುತ್ತದಲ್ಲ, ಹಾಗೆ. ಯಾವ ದಾರಿ ಹಿಡಿದು ಬರುತ್ತವೆ, ಯಾರು ಹೊತ್ತು ತರುತ್ತಾರೆ, ಒಬ್ಬರೂ ನೋಡಿದವರಿಲ್ಲ. ನೋಡುತ್ತಾ ಕೂರಲು ಯಾರಿಗೂ ಪುರುಸೊತ್ತೂ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಇರುತ್ತವೆ, ಅಷ್ಟೇ. ಮನೆಯಲ್ಲಿ ಹೊಸದಾಗಿ ಬಾಡಿಗೆಗೆ ಬಂದವರು ಬೇಸರ ಮಾಡಿಕೊಳ್ಳದೆ ಅದರ ಕಾಲಿಗೆ ಒಂದು ಚೊಂಬು ನೀರು ಸುರಿದು, ಒಗೆದ ಪಂಚೆ ಹೊದಿಸಿ, ಸಾಮಾನಿನ ಯಜಮಾನರಿಗೆ ಹೇಳಿ ಕಳಿಸುತ್ತಾರೆ. ಹಾಗೆ ಬಂದ ಸಾಮಾನನ್ನು ಬಳಸಬಾರದು. ಪೋಸ್ಟ್ ಮಾಸ್ಟರರ ಕನ್ನಡಿ ಮೇಜು ವಾಪಸ್ಸು ಬಂದಾಗ ಆ ಮನೆಯ ಹೊಸ ಸೊಸೆ ಕದ್ದುಮುಚ್ಚಿ ಅದರ ಮುಂದೆ ನಿಂತು ಜಡೆ ಹಾಕಿಕೊಂಡಳೆಂದು ಬೀದಿಯವರೆಲ್ಲ ಬಹಳ ದಿನ ಆಡಿಕೊಂಡರು. ಹೊಸ ಊರಲ್ಲಿ ಮೊದಲ ಅಮಾವಾಸ್ಯೆ ದಾಟಿದ ಸಾಮಾನು ಮಾತ್ರ ಮತ್ತೆ ಕದಲುವುದಿಲ್ಲ. ಅಲ್ಲಿಯವರೆಗೆ ಎಲ್ಲರ ಜೀವವೂ ಕೈಯಲ್ಲಿ.

ನನ್ನ ಹೆಸರು ಅನಸೂಯಮ್ಮ. ನಾನೂ ನನ್ನ ಓರಗಿತ್ತಿ ತುಂಗಾಳೂ ಸೇರಿ ಬೆಂಕಿಪೊಟ್ಟಣದ ಕಾರ್ಖಾನೆ ಎದುರು ದೋಸೆ ಅಂಗಡಿ ನಡೆಸುತ್ತಿದ್ದೆವು. ನನ್ನ ಯಜಮಾನರೂ ಅವರ ತಮ್ಮನೂ ಒಬ್ಬರ ಹಿಂದೆ ಒಬ್ಬರು ಹೋಗಿಬಿಟ್ಟ ಮೇಲೆ ನಮ್ಮಿಬ್ಬರಿಗೂ ಉಳಿದದ್ದು ಆ ಮನೆ, ಹಿತ್ತಲ ಬಾವಿ ಮತ್ತು ಒರಳುಕಲ್ಲು. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ನಾನೇ ಹೇಳುತ್ತೇನೆ. ತುಂಗಾ ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆ ಎನ್ನುವವಳು. ರುಬ್ಬುವಾಗ ನಾನು ಗುಂಡು ತಿರುಗಿಸುವುದು, ಅವಳು ಹಿಟ್ಟು ಒಳಕ್ಕೆ ತಳ್ಳುವುದು. ಗುಂಡು ಈ ಕಡೆ ಬರುವಷ್ಟರಲ್ಲಿ ಅವಳ ಕೈ ಆ ಕಡೆ ಹೋಗಿರುತ್ತಿತ್ತು. ಇಷ್ಟು ವರ್ಷದಲ್ಲಿ ಅವಳ ಉಗುರಿಗೂ ಕಲ್ಲು ತಾಗಿದ್ದಿಲ್ಲ. ನಾನು ಊರಿನ ಸುದ್ದಿ ಹೇಳುತ್ತಾ ತಿರುಗಿಸುತ್ತಿದ್ದೆ, ಅವಳು ಹೂಂ ಹೂಂ ಎನ್ನುತ್ತಾ ತಳ್ಳುತ್ತಿದ್ದಳು. ಹಿಟ್ಟು ಹೂವಿನ ಹಾಗೆ ಉಬ್ಬುತ್ತಿತ್ತು.

ಹೀಗಿರುವಾಗ ಕಾರ್ಖಾನೆಯನ್ನೇ ಕಿತ್ತು ಬಯಲಾಚೆ, ಎರಡು ಹೊಳೆ ದಾಟಿ ಇರುವ ದೊಡ್ಡ ಊರಿಗೆ ಒಯ್ದರು. ತಿನ್ನುವವರೆಲ್ಲ ಅಲ್ಲಿಗೆ ಹೋದ ಮೇಲೆ ಇಲ್ಲಿ ಯಾರಿಗೆಂದು ದೋಸೆ ಹುಯ್ಯುವುದು? ಮ್ಯಾನೇಜರು ಸದಾಶಿವಯ್ಯನವರು ಬಂದು, "ಅನಸೂಯಮ್ಮ, ಕಾರ್ಖಾನೆ ಒಳಗೇ ಕ್ಯಾಂಟೀನು ಮಾಡ್ಕೊಡ್ತೀವಿ. ಅಮಾವಾಸ್ಯೆ ಕಳೆದ ಮಾರನೇ ದಿನ ಶುರು. ಆದ್ರೆ ಇದೇ ದೋಸೆ ಬೇಕು, ತಿಳೀತಾ? ಗ್ರೈಂಡರ್ ಹಿಟ್ಟು ಅಂದ್ರೆ ನಮ್ಮ ಜನ ತಟ್ಟೆ ಎಸೀತಾರೆ" ಎಂದರು. ನಾನು ಒಳಗೆ ಹೋಗಿ ತುಂಗಾಳಿಗೆ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಕಾರ್ಖಾನೆಯವರು ಕರೀತಿದಾರೆ ಕಣೇ. ನಾನು ಹೋಗೋಣ ಅಂತಿದೀನಿ."

"ಒಳ್ಳೇದಾಯ್ತು ಬಿಡಕ್ಕ" ಎಂದಳು, ತಲೆ ಎತ್ತಲಿಲ್ಲ.

ಅವಳು ಬರುವವಳಲ್ಲ ಎಂದು ನನಗೆ ಗೊತ್ತಿತ್ತು. ಹಿತ್ತಲ ಬಾವಿ ನೀರು ಬಿಟ್ಟು ಬೇರೆ ನೀರು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಮದುವೆಯಾಗಿ ಬಂದ ವರ್ಷದಿಂದ ಹೇಳುತ್ತಿದ್ದವಳು ಅವಳು. ಮಾರನೇ ದಿನ ಅವಳೇ ಪಾತ್ರೆಗಳನ್ನು ಎರಡು ಪಾಲು ಮಾಡಿ ದೊಡ್ಡವನ್ನೆಲ್ಲ ನನ್ನ ಕಡೆ ಜೋಡಿಸಿದಳು. "ಒರಳೂ ನೀನೇ ತಗೊಂಡ್ಹೋಗಕ್ಕ. ನಾನೊಬ್ಳೇ ಏನ್ ರುಬ್ಬಲಿ" ಎಂದಳು. ನನಗೆ ಸ್ವಲ್ಪ ಸಿಟ್ಟೇ ಬಂತು. ಇಷ್ಟು ಬೇಗ ಪಾಲು ಮಾಡಿ ಕೊಡಬೇಕಾ?

ಸರಿ, ಕಂಪನಿ ಹುಡುಕಲು ಹೊರಟೆವು. ಬಿಸಿಲೆಂದು ತುಂಗಾ ಛತ್ರಿ ಹಿಡಿದು ನನ್ನ ಹಿಂದೆ ಬಂದಳು. ಮೊದಲು ಬಸ್ ಸ್ಟ್ಯಾಂಡಿನ ಹತ್ತಿರದ ದೊಡ್ಡ ಕಂಪನಿ. ಟೈ ಕಟ್ಟಿಕೊಂಡವನೊಬ್ಬ ನಮ್ಮನ್ನು ಸೋಫಾದಲ್ಲಿ ಕೂರಿಸಿ ಜ್ಯೂಸು ಕೊಟ್ಟ. ಸಾಮಾನುಗಳಿಗೆ ದಾರಿ ಕಾಣದ ಹಾಗೆ ದಪ್ಪ ಕಂಬಳಿ ಹೊದಿಸಿ ಒಯ್ಯುತ್ತಾರಂತೆ. ಏನು ಕೇಳಿದರೂ "ಆಗುತ್ತೆ ಮೇಡಂ". ನಮ್ಮ ಮನೆಯನ್ನು ಒಂದು ಸಲ ನೋಡದೆಯೇ ಎಲ್ಲಾ ಆಗುತ್ತದೆ. "ನೀವು ಸಾಗಿಸಿದ್ದು ಯಾವತ್ತಾದ್ರೂ ವಾಪಸ್ ಬಂದಿದ್ಯೇನಪ್ಪಾ?" ಎಂದೆ. "ಛೆ ಛೆ, ಒಂದೂ ಇಲ್ಲ ಮೇಡಂ!" ತುಂಗಾ ನನ್ನ ಸೆರಗು ಎಳೆದು ಸೋಫಾದ ಕಾಲು ತೋರಿಸಿದಳು. ಕಾಲ ಕೆಳಗೆ ಒದ್ದೆ. ಪಕ್ಕದಲ್ಲಿ ಚೊಂಬು, ಮಡಚಿಟ್ಟ ಪಂಚೆ. ಈಗ ಕಂಪನಿಯ ಆಫೀಸಾಗಿದ್ದ ಆ ಮನೆಯಲ್ಲಿ ಮೊದಲಿದ್ದ ವಕೀಲರ ಸೋಫಾ ಅದು, ಸಾಗಿಸಿದವರು ಇವರೇ! ವಾಪಸ್ಸು ಬಂದದ್ದರ ಮೇಲೆ ಗಿರಾಕಿಗಳನ್ನು ಕೂರಿಸಿ ಜ್ಯೂಸು ಕೊಡುತ್ತಾನಲ್ಲ, ಎಂಥ ಗಟ್ಟಿ ಮುಖ ಇರಬೇಕು. ಜ್ಯೂಸು ಅರ್ಧಕ್ಕೇ ಬಿಟ್ಟು ಎದ್ದೆ.

ಎರಡನೆಯವರು ಲಾರಿಯನ್ನು ಗುಡ್ಡದ ಸುತ್ತ ಸುತ್ತಿಸಿ ಸುತ್ತಿಸಿ ಸಾಮಾನಿಗೆ ದಿಕ್ಕು ತಪ್ಪಿಸುವವರು. ಸಾಮಾನಿಗೆ ದಿಕ್ಕು ತಪ್ಪುತ್ತಿತ್ತೋ ಇಲ್ಲವೋ, ಡ್ರೈವರಿಗಂತೂ ತಪ್ಪುತ್ತಿತ್ತು. ಅವನ ಬಾಯಿಂದ ಬೆಳಿಗ್ಗೆಯೇ ವಾಸನೆ. ಅದೂ ಅಲ್ಲದೆ ಅರ್ಧ ದಾರಿಯಲ್ಲಿ ಲಾರಿ ನಿಲ್ಲಿಸಿ ಇನ್ನಷ್ಟು ಕೊಟ್ಟರೆ ಮುಂದಕ್ಕೆ, ಇಲ್ಲದಿದ್ದರೆ ಇಲ್ಲೇ ಇಳಿಸುತ್ತೇವೆ ಎನ್ನುತ್ತಾರೆಂದು ಟೈಲರ್ ಮನೆಯವರು ಹೇಳಿದ್ದರು. ಅಲ್ಲಿಂದಲೂ ಬಂದೆವು.

ಆಮೇಲೆ ಸಿಕ್ಕಿದವನು ಮುದ್ದುರಂಗಪ್ಪ. ಒಂದೇ ಲಾರಿ, ಒಂದು ಬೇವಿನ ಮರ, ಮರಕ್ಕೆ ಹೊಡೆದ ಬೋರ್ಡು: "ಮುದ್ದುರಂಗಪ್ಪ ಅಂಡ್ ಸನ್ಸ್. ನಮ್ಮ ಕೈಲಿ ಹೋದದ್ದು ಬಂದದ್ದಿಲ್ಲ."

"ಇದೇನ್ರಿ, ಸ್ಮಶಾನದ ಬೋರ್ಡಾ?" ಎಂದೆ.

"ಸತ್ಯ ಬರ್ಸಿದೀನಿ ತಾಯಿ" ಎಂದ ಅವನು ಬೀಡಿ ಬಿಸಾಡಿ ಎದ್ದು ನಿಂತು.

"ಸನ್ಸ್ ಎಲ್ಲಿ?"

"ಇಬ್ರೂ ಹೆಣ್ಮಕ್ಳಾದ್ರು. ಬೋರ್ಡು ಮೊದ್ಲೇ ಬರೆಸಿಬಿಟ್ಟಿದ್ದೆ."

ನಾನು ಬಿಡಲಿಲ್ಲ. ಹಗ್ಗ ಎಂಥದ್ದು, ಟಾರ್ಪಾಲು ಸೋರುತ್ತದಾ, ಕುಡಿಯುತ್ತೀಯಾ, ಎಲ್ಲೆಲ್ಲಿ ನಿಲ್ಲಿಸುತ್ತೀಯಾ, ಬೇರೆಯವರ ಸಾಮಾನೂ ಜೊತೆಗೆ ತುಂಬುತ್ತೀಯಾ, ಇಳಿಸುವವರು ಯಾರು, ಮಳೆ ಬಂದರೆ ಏನು ಮಾಡುತ್ತೀಯಾ, ಪಾತ್ರೆ ನೆಗ್ಗಿದರೆ ಯಾರು ಹೊಣೆ. ಅವನು ಒಂದೊಂದಕ್ಕೂ ನಿಂತು ಯೋಚಿಸಿ ಉತ್ತರ ಕೊಟ್ಟ. ಕೆಲವಕ್ಕೆ "ಗೊತ್ತಿಲ್ಲ ತಾಯಿ" ಎಂದ. ಅದೇ ನನಗೆ ಹಿಡಿಸಿತು. ತುಂಗಾ ಹಿಂದಿನಿಂದ ಒಂದೇ ಮಾತು ಕೇಳಿದಳು. "ಒರಳಿನ ಕೆಳಗೆ ಹುಲ್ಲು ಹಾಕ್ತೀರಾ?"

ಅವನು ಮನೆಗೆ ಬಂದು ಒಂದೊಂದು ಸಾಮಾನನ್ನೂ ಅಲುಗಾಡಿಸಿ ನೋಡಿದ. ಒರಳಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತಲೆ ಕೆರೆದುಕೊಂಡ. "ಬೇರೆ ಎಲ್ಲಾದಕ್ಕೂ ಮಾತು ಕೊಡ್ತೀನಿ. ಇದರ ಮಾತು ಕೊಡಲ್ಲ ತಾಯಿ. ಒರಳು ಸಾಗಿಸಿ ನಂಗೆ ಅಭ್ಯಾಸ ಇಲ್ಲ. ಆದ್ರೆ ವಾಪಸ್ ಬಂದ್ರೆ ಮತ್ತೆ ತಂದು ಹಾಕ್ತೀನಿ. ನಿಲ್ಲೋವರ್ಗೂ ತರ್ತೀನಿ. ಬಾಡಿಗೆ ಕೇಳಲ್ಲ."

"ಮಾತಿಗೆ ತಪ್ಪಬಾರದು" ಎಂದೆ.

"ತಪ್ಪಿದ್ರೆ ಆ ಬೋರ್ಡನ್ನ ಒಲೆಗೆ ಹಾಕಿ."

ಆದರೂ ನಂಬಿಕೆ ಬೇಕಲ್ಲ. ಅವನು ಖಾಲಿ ಮಾಡಿಸಿದ ಮನೆಗಳ ಜಗುಲಿ ನೋಡಲು ನಾನೂ ತುಂಗಾಳೂ ಊರೆಲ್ಲ ಸುತ್ತಿದೆವು. ಒಂದು ಜಗುಲಿಯಲ್ಲಿ ರಂಗೋಲಿ ಡಬ್ಬಿ, ಒಂದರಲ್ಲಿ ಕಟ್ಟಿದ ಕರು, ಒಂದರಲ್ಲಿ ಒಣಹಾಕಿದ ಸಂಡಿಗೆ. ಕೊನೆಯ ಮನೆಯಲ್ಲಿ ಮಾತ್ರ ಏನೋ ಬಿಳಿ ಪಂಚೆ ಹೊದ್ದು ಮೂಲೆಯಲ್ಲಿ ಕೂತಿತ್ತು. "ನೋಡ್ದೇನೇ, ಇವನೂ ಅಷ್ಟೇ!" ಎಂದು ಹತ್ತಿರ ಹೋದರೆ ಅದು ಕೆಮ್ಮಿತು. ಮನೆಯ ತಾತ! ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದರು. ತುಂಗಾ ಛತ್ರಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ನಾನೂ ನಕ್ಕು ನಕ್ಕು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಮುದ್ದುರಂಗಪ್ಪನಿಗೆ ವೀಳ್ಯ ಕೊಟ್ಟು ಒಪ್ಪಿಸಿದ್ದಾಯಿತು.

ಹೊರಡುವ ದಿನ ತುಂಗಾ ಒರಳಿನ ಕೆಳಗೆ ತಾನೇ ಹುಲ್ಲು ಹಾಸಿದಳು. ಗುಂಡನ್ನು ತನ್ನ ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟಳು. ಅಳಲಿಲ್ಲ. ಅವಳು ಅತ್ತಿದ್ದರೆ ನಾನೂ ಅಳಬಹುದಿತ್ತು. ಲಾರಿ ತಿರುವು ದಾಟುವವರೆಗೂ ನಾನು ಹಗ್ಗ ಬಿಗಿಯಾಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದವಳ ಹಾಗೆ ನಟಿಸಿದೆ.

ದಾರಿಯಲ್ಲಿ ಒಂದು ಲೋಟವೂ ನೆಗ್ಗಲಿಲ್ಲ. ಹೇಳಿದ ದಿನಕ್ಕೆ ಹೇಳಿದ ಹೊತ್ತಿಗೆ ಲಾರಿ ಹೊಸ ಮನೆಯ ಮುಂದೆ ನಿಂತಿತು. ಮುದ್ದುರಂಗಪ್ಪನೂ ಅವನ ಆಳುಗಳೂ ಒರಳನ್ನು ಹಿತ್ತಲಲ್ಲಿ ಇಳಿಸಿ, ಮಟ್ಟ ನೋಡಿ, ಕೂರಿಸಿ ಹೋದರು. ಬೆಳಿಗ್ಗೆ ಎದ್ದು ನೋಡುತ್ತೇನೆ, ಮಂಚ ಇದೆ, ಬೀರು ಇದೆ, ದೊಡ್ಡ ಪಾತ್ರೆಗಳೆಲ್ಲ ಇವೆ. ಹಿತ್ತಲಲ್ಲಿ ಒರಳಿದ್ದ ಜಾಗದಲ್ಲಿ ದುಂಡಗೆ ಒಂದು ಗುರುತು. ಅಷ್ಟರಲ್ಲಿ ಫೋನು ಬಂತು.

"ಅಕ್ಕ, ಬಂದಿದೆ" ಎಂದಳು ತುಂಗಾ. ಇಟ್ಟುಬಿಟ್ಟಳು.

ಪಾಪ, ಮುದ್ದುರಂಗಪ್ಪ ಊರು ಮುಟ್ಟಿ ಚಪ್ಪಲಿ ಕೂಡ ಬಿಟ್ಟಿರಲಿಲ್ಲವಂತೆ. ತಿರುಗಿ ಒರಳು ಹೇರಿಕೊಂಡು ಬಂದ. ದೊಡ್ಡ ಕಂಪನಿಯವರ ಹಾಗೆ ಕಂಬಳಿಯನ್ನೂ ಈ ಸಲ ಹೊದಿಸಿದ್ದ. ನಾನು ಒರಳು ಇಳಿಯುತ್ತಿದ್ದಂತೆಯೇ ನೆನೆಸಿದ್ದ ಅಕ್ಕಿ ಸುರಿದು ರುಬ್ಬಲು ಕೂತೆ. ಕೆಲಸಕ್ಕೆ ಹಚ್ಚಿದರೆ ನಿಂತೀತು ಎಂಬ ಆಸೆ. ಬಲಗೈಯಲ್ಲಿ ಗುಂಡು, ಎಡಗೈಯಲ್ಲಿ ಹಿಟ್ಟು. "ಆ ಪೋಸ್ಟ್ ಮಾಸ್ಟರ್ ಇದಾರಲ್ಲ..." ಎಂದು ಯಾವುದೋ ಸುದ್ದಿ ಶುರುಮಾಡಿದೆ. ಹೂಂ ಎನ್ನುವವರು ಯಾರು? ಆ ಕಡೆ ಯಾರೂ ಇಲ್ಲವೆಂದು ತಲೆ ಎತ್ತಿ ನೋಡುವಷ್ಟರಲ್ಲಿ ಗುಂಡು ಬಂದು ಬೆರಳಿಗೆ ಬಡಿಯಿತು. ಅಯ್ಯಯ್ಯೋ, ಕಣ್ಣಲ್ಲಿ ನಕ್ಷತ್ರ! ಅರಿಶಿನ ಮೆತ್ತಿ ಬಟ್ಟೆ ಕಟ್ಟಿಕೊಂಡೆ. ಬೆಳಗಾಗುವಷ್ಟರಲ್ಲಿ ಒರಳು ಹೋಗಿತ್ತು, ಒಳಗಿದ್ದ ಹಿಟ್ಟನ್ನು ಮಾತ್ರ ಅಚ್ಚುಕಟ್ಟಾಗಿ ನೆಲದ ಮೇಲೆ ಬಿಟ್ಟು.

ಗ್ರೈಂಡರ್ ತಂದು ಹಿಟ್ಟು ಮಾಡಿ ಸದಾಶಿವಯ್ಯನವರಿಗೆ ಒಂದು ದೋಸೆ ಕೊಟ್ಟು ನೋಡಿದೆ. ಒಂದು ತುತ್ತು ತಿಂದು ನೀರು ಕುಡಿದರು. "ಇದು ನಿಮ್ಮ ದೋಸೆ ಅಲ್ಲ ಅನಸೂಯಮ್ಮ. ಬೇಜಾರು ಮಾಡ್ಕೋಬೇಡಿ. ಅಮಾವಾಸ್ಯೆವರೆಗೆ ನೋಡ್ತೀನಿ, ಆಮೇಲೆ ಬೇರೆಯವರಿಗೆ ಹೇಳ್ಬೇಕಾಗುತ್ತೆ" ಎಂದರು. ಬಾಗಿಲು ಹಾಕಿಕೊಂಡು ಅತ್ತೆ. ಬೆರಳು ನೋಯುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೂರನೆಯ ಸಲ ಒರಳು ತಂದಾಗ ಮುದ್ದುರಂಗಪ್ಪನ ಕೆನ್ನೆ ಗುಳಿಬಿದ್ದಿತ್ತು. ಊರಲ್ಲಿ ದೊಡ್ಡ ಕಂಪನಿಯವರು ಅವನನ್ನು ಕಂಡಾಗಲೆಲ್ಲ ನಗುತ್ತಿದ್ದಾರಂತೆ. ಅವನೇ ತನ್ನ ಬೋರ್ಡಿನ ಮೇಲೆ ಗೋಣಿತಾಟು ಹೊದಿಸಿಬಿಟ್ಟಿದ್ದನಂತೆ. "ಸುಳ್ಳು ಬೋರ್ಡು ಹೇಗೆ ತೋರ್ಸೋದು ತಾಯಿ? ಇದು ನಿಂತ ದಿನ ತೆಗೀತೀನಿ" ಎಂದ. ಇಂಥವನನ್ನು ಆರಿಸಿದ್ದಕ್ಕೆ ನನಗೆ ಹೆಮ್ಮೆಯೂ ಆಯಿತು, ಅಯ್ಯೋ ಪಾಪ ಎಂದೂ ಅನಿಸಿತು. ಒರಳಿನ ಕಂಬಳಿ ತೆಗೆದು ನೋಡಿದರೆ ಅಂಚಿನಲ್ಲಿ ಉದ್ದಿನ ಹಿಟ್ಟು ಒಣಗಿ ಅಂಟಿದೆ! ನನ್ನ ಪಿತ್ತ ನೆತ್ತಿಗೇರಿತು. ತುಂಗಾ ರುಬ್ಬಿದ್ದಾಳೆ. ದನಕ್ಕೆ ಹಿಂಡಿ ಇಟ್ಟ ಹಾಗೆ ಬೇಳೆ ಹಾಕಿ ಅಭ್ಯಾಸ ಮಾಡಿಸುತ್ತಿದ್ದಾಳೆ. ಇನ್ನು ಬರದೆ ಏನು ಮಾಡುತ್ತದೆ?

"ಇಳಿಸ್ಬೇಡಿ ರಂಗಪ್ಪ. ಗಾಡಿ ತಿರುಗಿಸಿ. ನಾನೂ ಬರ್ತೀನಿ. ಅವಳನ್ನ ನಾಲ್ಕು ಮಾತು ಕೇಳ್ದೆ ಇದು ಮುಗಿಯಲ್ಲ."

ದಾರಿಯುದ್ದಕ್ಕೂ ಆ ನಾಲ್ಕು ಮಾತನ್ನು ನಲವತ್ತು ಮಾಡಿಕೊಂಡು ಹೋದೆ.

ಮನೆಯ ಬಾಗಿಲು ತೆರೆದೇ ಇತ್ತು. ತುಂಗಾ ನಡುಮನೆಯಲ್ಲಿ ಕೂತಿದ್ದಳು. ನನ್ನನ್ನು ಕಂಡು ದಡಬಡಿಸಿ ಎದ್ದು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಏನೇ ತುಂಗಾ, ಕೊಟ್ಟ ಹಾಗೂ ಇರ್ಬೇಕು, ಕಿತ್ಕೊಂಡ ಹಾಗೂ ಇರ್ಬೇಕಾ? ಬಂದ ಸಾಮಾನು ಬಳಸಬಾರ್ದು ಅಂತ ಊರಿಗೆಲ್ಲ ಗೊತ್ತು, ನಿಂಗೊಬ್ಳಿಗೆ ಗೊತ್ತಿಲ್ವಾ?"

"ಅಷ್ಟು ದೂರದಿಂದ ಬಂದಿತ್ತು. ಸುಮ್ನೆ ಕೂರಿಸೋಕೆ ಮನಸ್ಸಾಗ್ಲಿಲ್ಲ ಅಕ್ಕ. ಒಂದು ಹಿಡಿ ಬೇಳೆ ಹಾಕ್ದೆ ಅಷ್ಟೇ."

"ಕೈ ಯಾಕೆ ಮುಚ್ಕೋತೀಯಾ? ತೋರ್ಸಿಲ್ಲಿ."

ತೋರಿಸಲಿಲ್ಲ. ನಾನೇ ಎಳೆದು ನೋಡಿದೆ. ಎರಡು ಬೆರಳಿಗೆ ಸೇರಿಸಿ ಅರಿಶಿನದ ಬಟ್ಟೆ ಕಟ್ಟಿತ್ತು, ಉಗುರು ಕಪ್ಪಾಗಿತ್ತು. ಒಬ್ಬಳೇ ಗುಂಡು ತಿರುಗಿಸಲು ಹೋಗಿದ್ದಾಳೆ, ಎಂದೂ ತಿರುಗಿಸದವಳು. ನನ್ನ ನಲವತ್ತು ಮಾತೂ ಎಲ್ಲಿ ಹೋದವೋ. ಅವಳು ಆಗ ನನ್ನ ಬೆರಳಿನ ಬಟ್ಟೆ ನೋಡಿದಳು. ಇಬ್ಬರೂ ಕೈ ಕೈ ಹಿಡಿದುಕೊಂಡು ಹಾಗೇ ನಿಂತೆವು.

"ಲಾರಿಯವ್ರನ್ನೆಲ್ಲ ನೀನು ಎಷ್ಟೊಂದು ಕೇಳ್ದೆ ಅಕ್ಕ" ಎಂದಳು. "ಹಗ್ಗ ಎಂಥದ್ದು ಅಂದೆ, ಟಾರ್ಪಾಲು ಸೋರುತ್ತಾ ಅಂದೆ, ಕುಡೀತೀರಾ ಅಂದೆ. ಛತ್ರಿ ಹಿಡ್ಕೊಂಡು ನಿನ್ ಹಿಂದೇನೇ ನಿಂತಿದ್ದೆ. ನನ್ನನ್ನ ಒಂದೇ ಒಂದು ಮಾತು ಕೇಳಿದ್ಯಾ?"

ಅಷ್ಟು ವರ್ಷದಲ್ಲಿ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಬಾವಿ ನೀರು..." ಎಂದೆ ಕೊನೆಗೆ.

"ನೀರಿಗೇನು? ಕುದಿಸ್ಕೊಂಡು ಕುಡಿಯೋದು."

ಬಾಗಿಲಲ್ಲಿ ನಿಂತಿದ್ದ ಮುದ್ದುರಂಗಪ್ಪ ತಡೆಯಲಾರದೆ ಕೈ ಮುಗಿದ. "ಕೇಳಿಬಿಡಿ ತಾಯಿ, ನಿಮ್ ಕಾಲಿಗೆ ಬೀಳ್ತೀನಿ. ಒಂದು ಮಾತು ಕೇಳಿಬಿಡಿ!"

"ಸುಮ್ನಿರಿ ರಂಗಪ್ಪ, ಕೇಳ್ತಿದೀನಿ" ಎಂದು ಗದರಿ ತುಂಗಾಳ ಕಡೆ ತಿರುಗಿದೆ. "ಬರ್ತೀಯಾ ತುಂಗಾ? ನೀನಿಲ್ದೆ ನಂಗೆ ಅಲ್ಲಿ ಆಗ್ತಾ ಇಲ್ಲ ಕಣೇ. ಮಾತಾಡಿದ್ರೆ ಗೋಡೆ ಕೇಳಿಸ್ಕೊಳುತ್ತೆ, ಅಷ್ಟೇ."

"ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ" ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಕೋಣೆಯಲ್ಲಿ ಅವಳ ಟ್ರಂಕು, ಹಾಸಿಗೆ ಸುರುಳಿ, ಅವಳ ಪಾಲಿನ ಸಣ್ಣ ಪಾತ್ರೆಗಳ ಮೂಟೆ ಎಲ್ಲಾ ಕಟ್ಟಿ ಸಾಲಾಗಿ ಇಟ್ಟಿದ್ದವು. ಮೂಟೆಯ ಮೇಲೆ ತೆಳ್ಳಗೆ ಧೂಳು ಕೂತಿತ್ತು. ನನ್ನ ಲಾರಿ ಹೋದ ದಿನವೇ ಕಟ್ಟಿದ್ದಂತೆ. ಅಷ್ಟು ದಿನದಿಂದ ಒಂದು ತಟ್ಟೆ, ಒಂದು ಲೋಟದಲ್ಲಿ ಇದ್ದಾಳೆ ಪುಣ್ಯಾತ್ಗಿತ್ತಿ.

"ಹಗ್ಗ ಗಟ್ಟಿಯಾಗಿದ್ಯಾ ನೋಡ್ಕೋ. ಆಮೇಲೆ ಇನ್ನೊಂದು ಸಲ ಕೇಳ್ಬೇಡ" ಎಂದಳು. ಅತ್ತುಕೊಂಡೇ ನಕ್ಕೆ. ನನ್ನ ಎದೆಯ ಮೇಲಿನಿಂದ ಯಾರೋ ಒರಳು ಇಳಿಸಿದ ಹಾಗಾಯಿತು.

ಮನೆಯ ಕೀಲಿಯನ್ನು ಪಕ್ಕದ ಮನೆಯವರಿಗೆ ಕೊಟ್ಟೆವು. ಹೊರಡುವ ಮುಂಚೆ ತುಂಗಾ ಒಂದು ಹಿತ್ತಾಳೆ ಬಿಂದಿಗೆ ತುಂಬ ಬಾವಿ ನೀರು ಸೇದಿ ಲಾರಿಯಲ್ಲಿಟ್ಟಳು. ಹೊಸ ನೀರು ಒಗ್ಗುವವರೆಗೆ ಇರಲಿ ಎಂದಳು. ಬಯಲು ದಾಟುವಾಗ ಕ್ಯಾಬಿನ್ನಿನಲ್ಲಿ ನಾನು ಬಿಟ್ಟೂ ಬಿಡದೆ ಮಾತಾಡಿದೆ. ಅವಳು ಹೂಂ ಹೂಂ ಎನ್ನುತ್ತಿದ್ದಳು. ಮುದ್ದುರಂಗಪ್ಪ ಒಂದೆರಡು ಸಲ ತನಗೆ ತಾನೇ ನಕ್ಕ.

ಆದರೂ ಆ ರಾತ್ರಿಯ ಅಮಾವಾಸ್ಯೆ ದಾಟಬೇಕಲ್ಲ. ಒರಳು ನಿಲ್ಲುವುದನ್ನು ಕಣ್ಣಾರೆ ನೋಡದೆ ಹೋಗುವುದಿಲ್ಲ ಎಂದು ಮುದ್ದುರಂಗಪ್ಪ ಹಿತ್ತಲಲ್ಲೇ ಚಾಪೆ ಹಾಸಿಕೊಂಡ. ಬೆಳಗಿನ ಜಾವ ನಾವಿಬ್ಬರೂ ಎದ್ದು ಹೋಗಿ ನೋಡಿದೆವು. ಒರಳು ಇದ್ದಲ್ಲೇ ಇತ್ತು. ಮುಟ್ಟಿ ನೋಡಿದೆವು, ತಣ್ಣಗೆ ಗಟ್ಟಿಯಾಗಿ ಕೂತಿತ್ತು. ನಾನು ಅಕ್ಕಿ ಸುರಿದೆ, ತುಂಗಾ ಅಕ್ಕಿ ನೆನೆಸಿದ ನೀರನ್ನೇ ಚಿಮುಕಿಸಿದಳು. ನೋಯುವ ಬೆರಳು ಬಿಟ್ಟು ಉಳಿದವುಗಳಲ್ಲಿ ನಾನು ಗುಂಡು ಹಿಡಿದೆ, ಅವಳು ಎಡಗೈಯಲ್ಲಿ ತಳ್ಳಿದಳು.

ಗುಡುಗುಡು ಸದ್ದಿಗೆ ಮುದ್ದುರಂಗಪ್ಪನಿಗೆ ಎಚ್ಚರವಾಯಿತು. ಎಚ್ಚರವಾದರೂ ಕಣ್ಣು ಬಿಡಲಿಲ್ಲ. "ಇದೆಯಾ ತಾಯಿ?" ಎಂದ ಮುಸುಕಿನೊಳಗಿಂದಲೇ.

"ಕಿವಿ ಇಲ್ವೇನ್ರಿ? ಇಲ್ದೇ ಇದ್ರೆ ತಲೆ ಮೇಲೆ ರುಬ್ತಿದೀವಾ?"

ಮುಸುಕು ಅಲುಗಾಡಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಗೊತ್ತಾಗಲಿಲ್ಲ. ಆಮೇಲೆ ಎದ್ದು ಕೂತು ಟವೆಲಿನಿಂದ ಮುಖ ಒರೆಸಿಕೊಂಡು ಒರಳಿಗೆ ಒಂದು ನಮಸ್ಕಾರ ಹಾಕಿದ. ಆಗಲೇ ತುಂಗಾ ನೀರಿಗೆಂದು ಪಕ್ಕಕ್ಕೆ ಕೈ ಚಾಚಿ ಗಕ್ಕನೆ ತಡೆದಳು. ರಾತ್ರಿ ಅಲ್ಲೇ ಇಟ್ಟಿದ್ದ ಬಾವಿ ನೀರಿನ ಬಿಂದಿಗೆ ಇರಲಿಲ್ಲ. ಒದ್ದೆ ನೆಲದ ಮೇಲೆ ದುಂಡಗೆ ಗುರುತು ಮಾತ್ರ ಇತ್ತು.

ಮುದ್ದುರಂಗಪ್ಪ ಗುರುತನ್ನು ನೋಡಿದ, ನಿಟ್ಟುಸಿರು ಬಿಟ್ಟ, ಎದ್ದು ಗೂಟದಲ್ಲಿದ್ದ ಲಾರಿಯ ಕೀಲಿ ತೆಗೆದುಕೊಂಡ.

"ಎಲ್ಲಿಗ್ರೀ ಹೊರಟ್ರಿ?" ಎಂದೆ.

"ಬಿಂದಿಗೆ ತರೋಕೆ ತಾಯಿ. ಮಾತು ಕೊಟ್ಟಿದೀನಲ್ಲ."

"ಕೂತ್ಕೊಳ್ಳಿ ರಂಗಪ್ಪನೋರೇ" ಎಂದಳು ತುಂಗಾ. "ಅದು ಬಾವೀದು. ಬಾವಿ ಹತ್ರ ಇರ್ಲಿ. ನೀವು ನಿಮ್ ಬೋರ್ಡಿನ ಗೋಣಿತಾಟು ತೆಗೀರಿ ಸಾಕು. ದೋಸೆ ತಿಂದ್ಕೊಂಡು ಹೋಗಿ." ಆಮೇಲೆ ನನ್ನ ಕಡೆ ತಿರುಗಿದಳು. "ತಿರುಗ್ಸು ಅಕ್ಕ, ಹಿಟ್ಟು ಆರುತ್ತೆ. ಲಾರೀಲಿ ಆ ಪೋಸ್ಟ್ ಮಾಸ್ಟರ್ ವಿಷ್ಯ ಏನೋ ಹೇಳ್ತಿದ್ಯಲ್ಲ, ಹೇಳು."